ಮೂವತ್ತೇಳನೆಯ ಲೈನು

ಎಚ್.ಡಿ. ಕೋಟೆಯ ಟೆಲಿಫೋನ್ ಎಕ್ಸ್‌ಚೇಂಜಿಗೆ ನನ್ನನ್ನು ಹಾಕಿದಾಗ ನನಗೆ ಇಪ್ಪತ್ತಮೂರು ವರ್ಷ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಾಲಿಗ್ರಾಮದಲ್ಲಿ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿದ್ದೆ. ಅಲ್ಲಿ ಯಾರೂ ನನ್ನನ್ನು ಕೆಟ್ಟದಾಗಿ ನೋಡಿಕೊಂಡವರಲ್ಲ. ಆದರೆ ಕೆಲಸದ ಆರ್ಡರು ಬಂದ ದಿನ ಅಷ್ಟು ದೂರ ಯಾಕೆ ಹೋಗುತ್ತೀಯ ಎಂದು ಒಬ್ಬರಾದರೂ ಕೇಳಲಿಲ್ಲ. ಟ್ರಂಕು ಹಿಡಿದು ಬಸ್ಸು ಹತ್ತುವಾಗ ಅದೇ ಮನಸ್ಸಿನಲ್ಲಿತ್ತು.

ಎಕ್ಸ್‌ಚೇಂಜ್ ಅಂದರೆ ಅಂಚೆ ಕಚೇರಿಯ ಹಿಂದಿನ ಒಂದು ಕೋಣೆ. ಗೋಡೆಗೆ ಆನಿಸಿ ನಿಲ್ಲಿಸಿದ ಮರದ ಬೋರ್ಡು, ಅದರಲ್ಲಿ ಐವತ್ತು ತೂತು, ಒಂದೊಂದರ ಮೇಲೂ ಹೆಬ್ಬೆರಳಿನ ಉಗುರಿನಷ್ಟು ಹಿತ್ತಾಳೆಯ ಮುಚ್ಚಳ. ಯಾರಾದರೂ ತಮ್ಮ ಫೋನಿನ ಹಿಡಿ ತಿರುಗಿಸಿದರೆ ಇಲ್ಲಿ ಅವರ ಮುಚ್ಚಳ ಟಕ್ಕೆಂದು ಬೀಳುತ್ತಿತ್ತು. ನಾನು ಆ ತೂತಿಗೆ ಪಿನ್ನು ಚುಚ್ಚಿ "ನಂಬರ್ ಪ್ಲೀಸ್" ಅನ್ನಬೇಕು, ಅವರು ಕೇಳಿದ ನಂಬರಿನ ತೂತಿಗೆ ಇನ್ನೊಂದು ಪಿನ್ನು ಚುಚ್ಚಿ ಗಂಟೆ ಹೊಡೆಯಬೇಕು, ಮಾತು ಶುರುವಾದ ಕೂಡಲೇ ನನ್ನ ಕಿವಿಯನ್ನು ಅಲ್ಲಿಂದ ತೆಗೆಯಬೇಕು. ಮೂವತ್ತಾರು ಲೈನುಗಳಿದ್ದವು. ದಿನವಿಡೀ ಊರಿನವರ ಜೊತೆ ಮಾತಾಡುತ್ತಿದ್ದೆ, ಆದರೆ ಒಬ್ಬರ ಜೊತೆಯೂ ಎರಡು ಶಬ್ದಕ್ಕಿಂತ ಹೆಚ್ಚು ಆಡುತ್ತಿರಲಿಲ್ಲ. ಬಾಡಿಗೆ ಕೋಣೆಗೆ ಹೋದರೆ ಮನೆಯ ಅಜ್ಜಿ "ಉಂಡ್ಯಾ ಮಗ?" ಅನ್ನುತ್ತಿದ್ದಳು. ಅವಳಿಗೆ ಕಿವಿ ಕೇಳುತ್ತಿರಲಿಲ್ಲ, ಉತ್ತರ ಕಾಯದೆ ಒಳಗೆ ಹೋಗುತ್ತಿದ್ದಳು.

ಹೊಸ ಫೋನು ಬಂದರೆ ತಂತಿ ಎಳೆದ ಮಾತ್ರಕ್ಕೆ ಆಗುತ್ತಿರಲಿಲ್ಲ. ಮೊದಲು ಮೈಸೂರಿನಿಂದ ಕಾಗದ ಬರಬೇಕು. ಅದನ್ನು ನೋಡಿಕೊಂಡು ನಾನು ದಪ್ಪ ರಿಜಿಸ್ಟರಿನಲ್ಲಿ ಯಾವ ತೂತು, ಯಾವ ಜೋಡಿ ತಂತಿ, ಎಂಥ ಫೋನು, ಯಾರ ವಶ ಎಂದು ಬರೆಯಬೇಕು. ಆಮೇಲೆ ಅಲ್ಲಿಗೆ ಗಂಟೆ ಹೊಡೆದು, ಅವರಿಂದ ಇಲ್ಲಿಗೆ ಹೊಡೆಸಿ, ಎರಡೂ ಕಡೆ ಮಾತು ಕೇಳಿಸಿದರೆ ಮುಚ್ಚಳದ ಕೆಳಗೆ ನಂಬರಿನ ಚೀಟಿ ಅಂಟಿಸಬೇಕು. ಅಲ್ಲಿಯವರೆಗೆ ಆ ಫೋನು ಮೇಜಿನ ಮೇಲೆ ಎಷ್ಟು ಚೆಂದ ಕೂತಿದ್ದರೂ ನಮ್ಮ ಪಾಲಿಗೆ ಇಲ್ಲವೇ ಇಲ್ಲ. ನಮ್ಮ ಸೂಪರ್‌ವೈಸರು ನಿವೃತ್ತಿಗೆ ಹತ್ತಿರವಿದ್ದ ಮೈಸೂರಿನವರು. ಈ ವಿಷಯದಲ್ಲಿ ಬಹಳ ಬಿಗಿ. "ಪುಸ್ತಕದಲ್ಲಿಲ್ಲದ ಲೈನಿಗೆ ಪಿನ್ನು ಹಾಕಬೇಡಿಯಮ್ಮಾ. ಯಾರ ಮಾತು ಯಾರಿಗೆ ಹೋಗುತ್ತೆ ಅಂತ ನಮಗೇ ಗೊತ್ತಿರಲ್ಲ," ಅನ್ನುತ್ತಿದ್ದರು.

ಆ ವರ್ಷ, ಸುತ್ತ ಗಿರಿಜನರ ಹಾಡಿಗಳಿದ್ದ ಕಾಡಂಚಿನ ಒಂದು ಹಳ್ಳಿಯ ಹೆರಿಗೆ ಕೇಂದ್ರಕ್ಕೆ ಫೋನು ಮಂಜೂರಾಯಿತು. ಒಂದು ಬೆಳಿಗ್ಗೆ ಲೈನ್‌ಮನ್ನು ಕಾಲೆಲ್ಲ ಕೆಸರಾಗಿ ಬಂದು ಬಾಗಿಲಲ್ಲಿ ನಿಂತ.

"ಅಮ್ಮಾವ್ರೇ, ತಂತಿ ತಂದು ಬೋರ್ಡಿಗೆ ಕೊಟ್ಟಿವ್ನಿ. ಮೂವತ್ತೇಳ್ನೇ ತೂತು. ಆನೆ ಒಂದು ಕಂಬ ಬೀಳ್ಸಿತ್ತು ಕಣ್ರಮ್ಮ, ಮತ್ತೆ ನೆಟ್ಟು ಬಂದೆ."

"ಕಾಗದ ಬಂದಿಲ್ಲವಲ್ಲ?"

"ಕಾಗ್ದ ಬಂದಾಗ ಬತ್ತದೆ ಬುಡಿ. ಅಲ್ಲಿ ನರ್ಸಮ್ಮ ಒಬ್ರೇ ಅವ್ರೆ, ಪಾಪ."

ಎರಡು ವಾರವಾದರೂ ಕಾಗದ ಬರಲಿಲ್ಲ. ಮೂವತ್ತೇಳರ ಕೆಳಗೆ ಚೀಟಿಯೂ ಇರಲಿಲ್ಲ.

ಒಂದು ಮಧ್ಯಾಹ್ನ ಸೂಪರ್‌ವೈಸರು ಊಟಕ್ಕೆ ಹೋಗಿದ್ದಾಗ ಆ ಮುಚ್ಚಳ ಬಿತ್ತು. ಮಳೆಗಾಲದಲ್ಲಿ ತಂತಿಗಳು ತಗುಲಿಕೊಂಡು ಹಾಗೆ ಬೀಳುವುದುಂಟು. ಬೆರಳಿನಿಂದ ಎತ್ತಿಟ್ಟೆ. ಮತ್ತೆ ಬಿತ್ತು. ಎತ್ತಿಟ್ಟೆ. ಮೂರನೆಯ ಸಲ ಬಿದ್ದಾಗ ಅದು ಗಾಳಿಯದ್ದಲ್ಲ, ಯಾರೋ ಹಿಡಿ ತಿರುಗಿಸುತ್ತಿದ್ದಾರೆ ಎಂದು ಖಚಿತವಾಯಿತು. ಬಾಗಿಲ ಕಡೆ ಒಮ್ಮೆ ನೋಡಿ ಪಿನ್ನು ಚುಚ್ಚಿದೆ.

"ಎಕ್ಸ್‌ಚೇಂಜಾ? ಎಕ್ಸ್‌ಚೇಂಜ್ ಅಲ್ಲವಾ?" ಒಂದು ಹೆಣ್ಣು ದನಿ, ಮಲಯಾಳದ ಎಳೆತವಿರುವ ಕನ್ನಡ. "ನಾನು ನರ್ಸು. ಇಲ್ಲಿ ಹಾಡಿಯ ಹುಡುಗಿ ಒಂದು, ಹೆರಿಗೆ. ರಕ್ತ ನಿಲ್ಲುವುದಿಲ್ಲ. ಡಾಕ್ಟರನ್ನು ಕೊಡಿ. ಜೀಪು ಬೇಕು."

ನಿಮ್ಮ ಲೈನು ಇನ್ನೂ ದಾಖಲಾಗಿಲ್ಲ ಎಂದು ಹೇಳಬೇಕಾಗಿತ್ತು. ಬಾಯಿಗೂ ಬಂದಿತ್ತು. ಆದರೆ ನನ್ನ ಕೈ ಆಗಲೇ ಆಸ್ಪತ್ರೆಯ ನಾಲ್ಕನೇ ನಂಬರಿಗೆ ಪಿನ್ನು ಹಾಕಿ ಗಂಟೆ ಹೊಡೆಯುತ್ತಿತ್ತು. ಡಾಕ್ಟರು ಸಿಕ್ಕರು. ಆ ಒಂದು ಸಲ ಕಿವಿ ತೆಗೆಯಲಿಲ್ಲ, ಕೇಳುತ್ತಲೇ ಕೂತೆ. ಜೀಪು ಹೊರಟಿತು ಎಂದು ಡಾಕ್ಟರು ಹೇಳಿದ ಮೇಲೆ ನರ್ಸು ನನಗೆ, "ನೀವು ಹೋಗಬೇಡಿ, ಲೈನಿನಲ್ಲಿ ಇರಿ," ಅಂದಳು. ಜೀಪು ಮುಟ್ಟಲು ಮುಕ್ಕಾಲು ಗಂಟೆ ಬೇಕು. ಅವಳು ಆಗಾಗ ಬಂದು "ಇದ್ದೀರಾ?" ಅನ್ನುತ್ತಿದ್ದಳು, ನಾನು "ಇದ್ದೇನೆ" ಅನ್ನುತ್ತಿದ್ದೆ. ನನ್ನಿಂದ ಆಗುವ ಸಹಾಯ ಅಷ್ಟೇ ಇತ್ತು.

ಹುಡುಗಿ ಉಳಿದಳು. ಮಗು ಉಳಿಯಲಿಲ್ಲ.

ಸೂಪರ್‌ವೈಸರು ವಾಪಸ್ ಬಂದಾಗ ನಾನೇ ಹೇಳಿದೆ. ಅವರು ಸಿಟ್ಟಾಗಿ ಕಿಟಕಿಯವರೆಗೆ ಹೋದರು, ತಿರುಗಿ ಬಂದು ಕೂತರು.

"ನನ್ನನ್ನು ಕೇಳಿದ್ದರೆ ನಾನು ಬೇಡ ಅಂತಿದ್ದೆ," ಅಂದರು. "ನೀವು ಕೇಳದೆ ಇದ್ದದ್ದೇ ಒಳ್ಳೇದಾಯ್ತು. ರಿಜಿಸ್ಟರು ತೆಗೀರಿ."

ಕಾಗದದ ಜಾಗ ಖಾಲಿ ಬಿಟ್ಟು ಮಿಕ್ಕಿದ್ದೆಲ್ಲ ಅವರೇ ಹೇಳಿ ಬರೆಸಿದರು, ಕೆಳಗೆ ತಮ್ಮ ಸಹಿ ಹಾಕಿದರು. ಮೈಸೂರಿನಿಂದ ವಿವರಣೆ ಕೇಳಿ ಪತ್ರ ಬಂದಾಗ ಉತ್ತರವನ್ನೂ ಅವರೇ ಬರೆದರು. ನನಗೆ ಏನೂ ಆಗಲಿಲ್ಲ. ಅವತ್ತೇ ನಾನು "೩೭" ಎಂದು ಬರೆದ ಚೀಟಿಗೆ ಅಂಟು ಹಚ್ಚಿ ಮುಚ್ಚಳದ ಕೆಳಗೆ ಒತ್ತಿದೆ.

ಪ್ರತಿ ಬೆಳಿಗ್ಗೆ ಎಲ್ಲ ಲೈನುಗಳನ್ನೂ ಪರೀಕ್ಷೆ ಮಾಡುವುದು ನನ್ನ ಕೆಲಸ. ಮಿಕ್ಕವರು "ಕೇಳ್ತದೆ" ಎಂದು ಇಟ್ಟುಬಿಡುತ್ತಿದ್ದರು. ಮೂವತ್ತೇಳು ಮಾತ್ರ ಇಡುತ್ತಿರಲಿಲ್ಲ. "ಇವತ್ತು ತಿಂಡಿ ಏನು?" ಎಂದು ಕೇಳುತ್ತಿದ್ದಳು. ನನ್ನನ್ನು ಹಾಗೆ ಕೇಳಿ ಉತ್ತರಕ್ಕೆ ಕಾಯುವವರು ಆ ಊರಿನಲ್ಲಿ ಬೇರೆ ಇರಲಿಲ್ಲ. ಅವಳು ವಯನಾಡಿನ ಕಡೆಯವಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಅವಳು ಅಲ್ಲಿ ಒಬ್ಬಳು, ನಾನು ಇಲ್ಲಿ ಒಬ್ಬಳು. ಐದು ನಿಮಿಷಕ್ಕಿಂತ ಹೆಚ್ಚು ಮಾತಾಡುವಂತಿರಲಿಲ್ಲ, ಬೇರೆ ಮುಚ್ಚಳಗಳು ಬೀಳುತ್ತಿದ್ದವು. ಆ ಐದು ನಿಮಿಷಕ್ಕಾಗಿ ನಾನು ಮೂವತ್ತಾರು ಲೈನುಗಳನ್ನು ಅವಸರವಾಗಿ ಮುಗಿಸುತ್ತಿದ್ದೆ. ಆ ಹಾಡಿಯ ಹುಡುಗಿ ಒಂದು ದಿನ ಎಲೆಯ ದೊನ್ನೆಯಲ್ಲಿ ಜೇನು ತಂದು ಮೇಜಿನ ಮೇಲಿಟ್ಟು ಹೋದಳಂತೆ.

ಒಂದು ಭಾನುವಾರ ಊರಾಚೆಯ ಕೂಡುರಸ್ತೆ ಹ್ಯಾಂಡ್‌ಪೋಸ್ಟಿನಲ್ಲಿ ಭೇಟಿಯಾಗೋಣ ಎಂದು ಮಾತಾಯಿತು. ನಾನು ಬೆಳಿಗ್ಗೆಯೇ ಹೋಗಿ ಬಸ್ಸು ನಿಲ್ಲುವ ಕಡೆ ನಿಂತೆ. ಬಸ್ಸಿನಿಂದ ಇಳಿದವಳು ನಾನು ಅಂದುಕೊಂಡದ್ದಕ್ಕಿಂತ ಬಹಳ ಕುಳ್ಳಗಿದ್ದಳು, ಹಣೆಯ ಮೇಲೆ ಹಳೆಯ ಗಾಯದ ಗುರುತು. ಹೋಟೆಲಿನ ಬೆಂಚಿನ ಮೇಲೆ ಎದುರುಬದುರು ಕೂತೆವು. ಅಷ್ಟು ದಿನ ಅಷ್ಟು ಮಾತಾಡಿದವರಿಗೆ ಅಲ್ಲಿ ಏನೂ ತೋಚಲಿಲ್ಲ. ನಾನು ಲೋಟ ನೋಡುತ್ತಿದ್ದೆ, ಅವಳು ರಸ್ತೆ ನೋಡುತ್ತಿದ್ದಳು. "ಕಾಫಿ ಚೆನ್ನಾಗಿದೆ," ಅಂದಳು. "ಹೌದು," ಅಂದೆ. ಒಂದು ಗಂಟೆ ಹಾಗೇ ಕಳೆಯಿತು. ಬಸ್ಸು ಹತ್ತುವ ಮುಂಚೆ ನನ್ನ ಕೈ ಹಿಡಿದು ಒತ್ತಿದಳು. ಅವಳ ಅಂಗೈ ಒರಟಾಗಿತ್ತು.

ಮರುದಿನ ಬೆಳಿಗ್ಗೆ ಗಂಟೆ ಹೊಡೆದಾಗ ಇಬ್ಬರೂ ಒಟ್ಟಿಗೇ ನಕ್ಕುಬಿಟ್ಟೆವು. ಆಮೇಲೆ ಮಾತು ಮತ್ತೆ ಶುರುವಾಯಿತು. ಇನ್ನೊಮ್ಮೆ ಭೇಟಿಯಾಗುವ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ಒಂದೂವರೆ ವರ್ಷದ ಮೇಲೆ ಅವಳಿಗೆ ಕೊಡಗಿನ ಗಡಿಯ ಕಡೆಗೆ ವರ್ಗವಾಯಿತು. "ಅಲ್ಲಿ ಫೋನ್ ಇಲ್ಲವಂತೆ," ಅಂದಳು. ಕೊನೆಯ ದಿನವೂ ಬೆಳಿಗ್ಗೆ ಗಂಟೆ ಹೊಡೆದೆ. "ಇದ್ದೀರಾ?" ಅಂದಳು. "ಇದ್ದೇನೆ," ಅಂದೆ. ಅವಳೇ ಮೊದಲು ಫೋನು ಇಟ್ಟಳು.

ಅವಳ ಜಾಗಕ್ಕೆ ನಡುವಯಸ್ಸಿನ ಒಬ್ಬ ಕಾಂಪೌಂಡರು ಬಂದರು. ರಿಜಿಸ್ಟರಿನ 'ಯಾರ ವಶ' ಎಂಬಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದು ಅವರ ಹೆಸರು ಬರೆದೆ. ಕೆಂಪು ಶಾಯಿಯ ಗೆರೆ, ನಿಯಮ ಹಾಗೆ. ಅಕ್ಷರ ಕಾಣುವಂತೆ ತೆಳ್ಳಗೆ ಎಳೆದಿದ್ದೆ. ಬೆಳಿಗ್ಗೆ ಗಂಟೆ ಹೊಡೆದರೆ ಅವರು "ಆಯ್ತು ಆಯ್ತು, ಕೇಳ್ತದೆ ಕಣಮ್ಮ" ಎಂದು ಇಟ್ಟುಬಿಡುತ್ತಿದ್ದರು. ಒಳ್ಳೆಯ ಮನುಷ್ಯರೇ.

ಅವಳಿಂದ ಒಂದು ಕಾಗದ ಬಂತು, ಕನ್ನಡದಲ್ಲಿ, ತಪ್ಪು ತಪ್ಪಾಗಿ. ಅಲ್ಲಿ ಚಳಿ ಬಹಳ, ಜಿಗಣೆ ಬಹಳ ಎಂದು ಬರೆದಿದ್ದಳು. ನಾನು ಉತ್ತರ ಬರೆಯಲು ಮೂರು ಸಲ ಕೂತೆ. ಬೆಂಚಿನ ಮೇಲೆ ಕೂತಾಗ ಆದಂತೆಯೇ ಆಯಿತು, ಬರೆದದ್ದೆಲ್ಲ ಬೇರೆ ಯಾರದ್ದೋ ಮಾತಿನಂತೆ ಕಂಡಿತು. ಕಡೆಗೆ ನಾಲ್ಕು ಸಾಲು ಬರೆದು ಹಾಕಿದೆ. ಮತ್ತೆ ಕಾಗದ ಬರಲಿಲ್ಲ. ನಾನು ಇನ್ನೊಂದು ಬರೆಯಬಹುದಿತ್ತು, ಬರೆಯಲಿಲ್ಲ.

ಆಮೇಲೆ ಎರಡು ವರ್ಷ ಅದೇ ಬೋರ್ಡಿನ ಮುಂದೆ ಕೂತಿದ್ದೆ. ಲೈನುಗಳು ನಲವತ್ತೆಂಟಾದವು. ಹೊಸದನ್ನೆಲ್ಲ ನಾನೇ ಬರೆದೆ, ನಾನೇ ಚೀಟಿ ಅಂಟಿಸಿದೆ. ಕೆ.ಆರ್. ನಗರಕ್ಕೆ ವರ್ಗವಾದಾಗ ನನ್ನ ಜಾಗಕ್ಕೆ ಬಂದ ಹೆಂಗಸಿಗೆ ಅರ್ಧ ದಿನದಲ್ಲಿ ಎಲ್ಲ ವಹಿಸಿಕೊಟ್ಟು ಸಂಜೆಯ ಬಸ್ಸು ಹತ್ತಿದೆ.