ಸಾಬವ್ವ ಎತ್ತಿಕೊಂಡ ಕೂಸು

ಮುಂಬಯಿ ಹತ್ತಿರದ ದಿವಾ ಸ್ಟೇಷನ್ನಿನ ಬಳಿಯ ನಮ್ಮ ದವಾಖಾನೆಯಲ್ಲಿ ನಾನು ಕಂಪೌಂಡರ್, ಸಾಬವ್ವ ಆಯಾ. ಕಲಬುರಗಿ ಕಡೆಯವಳು, ಮುಖದ ತುಂಬ ಸಿಡುಬಿನ ಕಲೆ. ಅವಳಿಗೆ ಎಂಟು ವರ್ಷವಿದ್ದಾಗ ಊರಿಗೆ ಲಸಿಕೆ ಹಾಕುವವರು ಬಂದರೆ, ಸೂಜಿ ಚುಚ್ಚಿಸಿದರೆ ದೇವಿ ಮುನಿಯುತ್ತಾಳೆಂದು ಅವರವ್ವ ಇವಳನ್ನು ಬಣವೆಯೊಳಗೆ ಅಡಗಿಸಿಟ್ಟಳಂತೆ. ಮರುವರ್ಷವೇ ಸಿಡುಬು ಬಂತು. ಯಾರಾದರೂ ಮುಖ ದಿಟ್ಟಿಸಿದರೆ, "ಏನ್ ನೋಡ್ತಿ? ಸಾಯಲಿಲ್ಲ, ಉಳದೀನಿ!" ಎಂದು ದಬಾಯಿಸುತ್ತಿದ್ದಳು.

೨೦೦೯ರ ಮಾರ್ಚ್. ದವಾಖಾನೆಯ ಹಿಂದೆ ಏಳುತ್ತಿದ್ದ ಕಟ್ಟಡದ ಕೆಲಸಕ್ಕೆ ಬಂದಿದ್ದ ಚಂದ್ರಬಾಯಿಯ ನಾಲ್ಕು ವರ್ಷದ ಮಗಳು ಕಾಂಚನಾಳಿಗೆ ಮೈತುಂಬ ಗುಳ್ಳೆ ಎದ್ದವು. ದೇವಿ ಬಂದಳೆಂದು ಮನೆಯವರು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆ ನಿಲ್ಲಿಸಿ, ಡಾಕ್ಟರ ಮಾತೇ ಬೇಡವೆಂದು ಕುಳಿತರು. ಐದನೆಯ ದಿನ ಕೂಸಿಗೆ ಉಬ್ಬಸ ಶುರುವಾಯಿತು. ಸಾಬವ್ವ ಹೋಗಿ ಜಗಳವನ್ನೇ ತೆಗೆದಳು.

"ದೇವಿ ಸಿಟ್ಟು ನನ್ನ ಮ್ಯಾಲ ಬರ್ಲಿ, ಕೂಸಿನ್ನ ಎತ್ಕೊಂಡು ನಡಿ!"

ಚಂದ್ರಬಾಯಿ ಬಂದಳು. ನಮ್ಮ ಡಾಕ್ಟರ್ ಯಶ್ವಂತ್ ಮಂಗಳೂರು ಮೂಲದವರು, ಹುಟ್ಟಿದ್ದು ಡೊಂಬಿವಲಿಯಲ್ಲಿ. ಹಿಂದಿನ ವಾರವಷ್ಟೇ ಠಾಣೆಯಲ್ಲಿ ಡಾಕ್ಟರರಿಗೆಂದೇ ನಡೆದ, ಅಳಿದುಹೋದ ಸಿಡುಬು ಮರಳಿ ಬಂದರೇನು ಎಂಬ ಉಪನ್ಯಾಸಕ್ಕೆ ಹೋಗಿ, ಅರ್ಧ ಕೇಳಿ ಊಟಕ್ಕೆ ಎದ್ದುಬಂದ ಪುಣ್ಯಾತ್ಮರು! ಕೂಸನ್ನು ಕಂಡದ್ದೇ ಹಿಂದೆ ಸರಿದರು.

"ಬಾಹರ್ ರಖೋ! ಒಳಗೆ ತರ್ಬೇಡಿ ಮಾರಾಯ್ರೆ. ಸಿಡುಬು ಲೋಕದಲ್ಲೇ ಇಲ್ಲ ಅಂತಾರೆ, ಆದ್ರೆ ಇದು ಅದೇ ಆಗಿದ್ರೆ? ಲಸಿಕೆ ನಿಲ್ಸಿದ ಮೇಲೆ ಹುಟ್ಟಿದವ ನಾನು."

ಸುಳ್ಳೇಕೆ ಹೇಳಲಿ, ನಾನೂ ಕಪಾಟಿನ ಹಿಂದೆ ಸರಿದು ನಿಂತೆ. ಚಂದ್ರಬಾಯಿ ಕೂಸಿಗೆ ಸೆರಗು ಮುಚ್ಚಿ ತಿರುಗಿದಳು. ಆಗ ಹೋದಳೆಂದರೆ ಮತ್ತೆ ಬರುವವಳಲ್ಲ, ಕೂಸು ಉಳಿಯುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಕಪಾಟಿನ ಹಿಂದಿನಿಂದ ಕದಲಲಿಲ್ಲ.

ಸಾಬವ್ವ ಕಸಬರಿಗೆ ಬಿಸಾಕಿ, ಕೂಸನ್ನು ಕಸಿದುಕೊಂಡು ನೇರ ಡಾಕ್ಟರರ ಮೇಜಿನ ಮೇಲೆಯೇ ಮಲಗಿಸಿದಳು.

"ಕಣ್ಣ ಬಿಟ್ಟು ನೋಡ್ರಿ ಡಾಕ್ಟರಪ್ಪ! ಅಂಗೈ, ಅಂಗಾಲಿನಾಗ ಒಂದಾರ ಗುಳ್ಳಿ ಅದ ಏನು? ಎಲ್ಲಾ ಹೊಟ್ಟಿ ಬೆನ್ನಿನ ಮ್ಯಾಲ ತುಂಬ್ಯಾವ. ಒಂದು ಒಣಗ್ಯದ, ಇನ್ನೊಂದು ಈಗ ಏಳಾಕತ್ತದ. ಸಿಡುಬು ಹಿಂಗಿರಂಗಿಲ್ಲ. ಮಾರಿ, ಕೈಕಾಲ ತುಂಬ ಎಲ್ಲಾ ಒಮ್ಮಿಗೇ ಏಳ್ತಾವ, ಒಮ್ಮಿಗೇ ಕೀವಾಗ್ತಾವ, ಕಾಳಿನಂಗ ಗಟ್ಟಿ. ಬಂದು ಅನುಭವಿಸಿದಾಕಿ ನಾ ಹೇಳಾಕತ್ತೀನಿ!"

ಡಾಕ್ಟರರು ಮೆಲ್ಲಗೆ ಹತ್ತಿರ ಬಂದರು. ಅಂಗೈ ನೋಡಿದರು, ಬೆನ್ನು ನೋಡಿದರು, ಎದೆಗೆ ಕಿವಿಗೊಟ್ಟರು. ಸಿಡುಬಲ್ಲ, ಚಿಕನ್‌ಪಾಕ್ಸ್ ಎನ್ನುವ ಸೀತಾಳೆಸಿಡುಬು; ಶ್ವಾಸಕೋಶಕ್ಕೆ ಇಳಿದಿತ್ತು. ನಾಚಿ ಮುಖ ಕೆಂಪಗೆ ಮಾಡಿಕೊಂಡು, "ದೇಜಪ್ಪ, ರಿಕ್ಷಾ ಕರೀರಿ" ಎಂದು ನನಗೆ ಹೇಳಿದರು. ತಾವೇ ಜೊತೆಗೆ ಕುಳಿತು ಕಳ್ವಾದ ದೊಡ್ಡಾಸ್ಪತ್ರೆಗೆ ಕರೆದೊಯ್ದರು.

ಹದಿನೈದು ದಿನಕ್ಕೆ ಕಾಂಚನಾ ಗುಣವಾಗಿ ಬಂದಳು. ಅಂದು ಡಾಕ್ಟರರು ಸಾಬವ್ವನನ್ನು ಕರೆದು ಕೂರಿಸಿದರು. "ನಿಮ್ಮಿಂದ ಮಗು ಬದುಕಿತು. ಆದ್ರೆ ನಿಜಕ್ಕೂ ಸಿಡುಬೇ ಆಗಿದ್ರೆ ಏನ್ ಮಾಡ್ತಿದ್ರಿ?"

"ಆಗಲೂ ಎತ್ಕೋತಿದ್ದೆ," ಎಂದಳು ಸಾಬವ್ವ. "ಒಮ್ಮಿ ಬಂದೋರಿಗೆ ಅದು ಮತ್ತ ಬರಂಗಿಲ್ಲ. ನಿಮ್ಮನ್ನ ಹೊರಗ ಹಾಕಿ, ಕೂಸಿನ್ನ ಒಳಗ ಇಟ್ಕೋತಿದ್ದೆ."