ಚಾಲೂ ದ್ಯಾ

ಬೀರೂ, ಸೋಲಾಪುರದ ಡಾಕ್ಟರು ನಿನಗೆ ದಿನಾ ನಡೆಯಲು ಹೇಳಿದ್ದರು. ಮಲಗು ಎಂದಿರಲಿಲ್ಲ. ಅದು ಗೊತ್ತಿದ್ದೂ ನಾನು ನಾಲ್ಕು ತಿಂಗಳು ನಿನ್ನನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿದೆ. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ.

ನಾನು ಕಲಿತದ್ದು ನಾಲ್ಕನೇ ಇಯತ್ತೆ, ಅದೂ ಕನ್ನಡ ಸಾಲೆಯಲ್ಲಿ. ಬರೆಯುವಾಗ ತಪ್ಪಾದರೆ ಆಗಲಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ತೊಂಬತ್ತೈದೋ ತೊಂಬತ್ತಾರೋ ಇರಬೇಕು. ನಿನಗೆ ಹತ್ತೊಂಬತ್ತು. ಅಕ್ಕಲಕೋಟದಲ್ಲಿ ಹನ್ನೆರಡನೇ ಇಯತ್ತೆ ಮುಗಿಸಿ ಪೊಲೀಸ್ ಭರ್ತಿಯಲ್ಲಿ ಆಯ್ಕೆಯಾಗಬೇಕೆಂದು ದಿನಾ ಬೆಳಿಗ್ಗೆ ಓಡುತ್ತಿದ್ದೆ. ಕುರಿಮರಿಗೆ ಸೊಪ್ಪು ಕಡಿಯಲು ಬೇವಿನ ಮರ ಹತ್ತಿದವನು ಕೊಂಬೆಯ ಜೊತೆಗೇ ಕೆಳಗೆ ಬಿದ್ದೆ. ಸ್ವಲ್ಪ ಹೊತ್ತು ಎಚ್ಚರವಿರಲಿಲ್ಲ. ಎದ್ದ ಮೇಲೆ ಒಂದೇ ಮಾತನ್ನು ಹತ್ತು ಸಲ ಕೇಳಿದೆ — ಕುರಿ ಎಲ್ಲಿ, ಕುರಿ ಎಲ್ಲಿ. ಊರಿನ ಡಾಕ್ಟರು ಬೆಳಕು ಬೀಳದಂತೆ ಮಲಗಿಸಿ ಎಂದರು. ಮಲಗಿಸಿದೆವು. ಮೂರು ವಾರವಾದರೂ ತಲೆನೋವು ಹೋಗಲಿಲ್ಲ, ಎದ್ದು ನಿಂತರೆ ಕಣ್ಣು ಮಂಜಾಗುತ್ತಿತ್ತು. ಅಪ್ಪ ಕುರಿ ಬಿಟ್ಟು ಬರುವಂತಿರಲಿಲ್ಲ. ನಾನು ನಿನ್ನನ್ನು ಎಸ್‌ಟಿ ಬಸ್ಸಿನಲ್ಲಿ ಕೂರಿಸಿಕೊಂಡು ಸೋಲಾಪುರಕ್ಕೆ ಹೋದೆ, ವಿಜಾಪುರ ರಸ್ತೆಯ ದವಾಖಾನೆಗೆ.

ಆ ಡಾಕ್ಟರು ಒಳಗೆ ನಿನ್ನನ್ನು ಏನು ಮಾಡಿಸಿದರೋ ನಾನು ನೋಡಲಿಲ್ಲ, ಹಣ ಕಟ್ಟುವ ಸಾಲಿನಲ್ಲಿದ್ದೆ. ತಿರುಗಿ ಬಂದಾಗ ಅವರು ಒಂದು ಕೈಯಲ್ಲಿ ನಿನ್ನ ನಾಡಿ ಹಿಡಿದು ಇನ್ನೊಂದು ಕೈಯ ಗಡಿಯಾರ ನೋಡುತ್ತಿದ್ದರು. ನೀನು ಏದುಸಿರು ಬಿಡುತ್ತಿದ್ದೆ. ನನಗೆ ಓದಲು ಬಾರದ ಮರಾಠಿ ಚೀಟಿಯನ್ನು ನನ್ನ ಕೈಗೆ ಕೊಟ್ಟು ಮರಾಠಿಯಲ್ಲೇ, “ಹುಡುಗ ಮರೆಯುತ್ತಾನೆ, ನೀನು ನೆನಪಿಡು” ಎಂದರು. ಆಮೇಲೆ ಆ ಮಾತು ಹೇಳಿದರು: “ಯಾಲಾ ರೋಜ್ ಚಾಲೂ ದ್ಯಾ.”

ಇವನನ್ನು ದಿನಾ ನಡೆಯಲು ಬಿಡಿ ಎಂದು ಅದರ ಅರ್ಥ. ನನಗೆ ಕೇಳಿದ್ದು ‘ಚಾಲೂ’ ಒಂದೇ. ಮೋಟರು ಚಾಲೂ ಅದ, ಅಂಗಡಿ ಚಾಲೂ ಅದ ಎನ್ನುತ್ತೇವಲ್ಲ, ಆ ಚಾಲೂ. ಈಗ ನಡೆದಿರುವುದನ್ನೇ ಮುಂದುವರಿಸಿ ಎಂದುಕೊಂಡೆ. ನಡೆದಿದ್ದದ್ದು ಮಲಗುವುದು.

ಬಸ್ಸಿನಲ್ಲಿ ನೀನು ಕೇಳಿದೆ, “ಅಕ್ಕಾ, ಡಾಕ್ಟರ್ ದಿನಾ ನಡಿ ಅಂದ್ರಲ್ಲ?”

“ಇಲ್ಲೋ. ಹಿಂಗ ಚಾಲೂ ಇಡ್ರಿ ಅಂದಾರ. ಮಲ್ಕೊಂಡೇ ಇರ್ಬೇಕು ನೀ.”

ಇದು ತಪ್ಪು ತಿಳಿವಳಿಕೆ. ಇಷ್ಟೇ ಆಗಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ.

ಹದಿನೈದು ದಿನದ ಮೇಲೆ ಗುಳಿಗೆ ತೀರಿದವು. ಅಕ್ಕಲಕೋಟದ ಔಷಧದ ಅಂಗಡಿಗೆ ಚೀಟಿ ಒಯ್ದೆ. ಅಂಗಡಿಯವರು ಕನ್ನಡಕ ಏರಿಸಿ ಓದಿ ನಗಾಡಿದರು. “ಏನವಾ ತಂಗಿ, ಕುರಿ ಕಾಯೋರ ಹುಡುಗಗ ನಡಿ ಅಂತ ಚೀಟಿ ಬರದಾರಲ್ಲ! ಮೀನಕ್ಕ ಈಜು ಅಂದಂಗಾತು.” ಆಮೇಲೆ ಪೂರ್ತಿ ಬಿಡಿಸಿ ಹೇಳಿದರು. ಸಪಾಟು ದಾರಿಯಲ್ಲಿ ದಿನಾ ಬಿರುಸಾಗಿ ನಡೆಯಬೇಕು. ಉಸಿರು ಜೋರಾಗಬೇಕು, ಆದರೆ ತಲೆನೋವು ಏರುವ ಮೊದಲೇ ನಿಲ್ಲಬೇಕು. ಮೊದಲು ಆರು ನಿಮಿಷ ಸಾಕು, ತಡೆದುಕೊಂಡಷ್ಟು ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು. ಮರ ಹತ್ತಬಾರದು. ಹದಿನೈದು ದಿನಕ್ಕೆ ಮತ್ತೆ ತೋರಿಸಬೇಕು. ನಡೆಯುವುದೂ ಗುಳಿಗೆಯ ಹಾಗೆ ಔಷಧವೇ ಎಂದು ಕೆಳಗೆ ಗೆರೆ ಎಳೆದು ಬರೆದಿದ್ದರಂತೆ.

ಆ ದಿನ ಊರಿಗೆ ಬರುವ ದಾರಿಯುದ್ದಕ್ಕೂ ಹೇಳಬೇಕು ಎಂದೇ ಬಂದೆ. ಮನೆಯಲ್ಲಿ ಅಪ್ಪ ಯಾರೊಡನೆಯೋ ನನ್ನ ಬಗ್ಗೆ, “ನಮ್ಮ ಮಾದೇವಿ ಇರೂದಕ್ಕ ಹುಡುಗ ಉಳದಾನ್ರಿ” ಎನ್ನುತ್ತಿದ್ದ.

ನಿನಗೆ ಗೊತ್ತು, ನಾನು ಮರವಡೆಯ ಗಂಡನ ಮನೆ ಬಿಟ್ಟು ಬಂದು ಆಗ ಆರು ತಿಂಗಳು. ನೀನು ಬೀಳುವ ತನಕ ಅಪ್ಪ ವಾರಕ್ಕೊಮ್ಮೆ, “ಯಾವಾಗ ಹೋಗಾಕಿ ನೀ?” ಎಂದು ಕೇಳುತ್ತಿದ್ದ. ನೀನು ಬಿದ್ದ ಮೇಲೆ ಒಂದು ಸಲವೂ ಕೇಳಲಿಲ್ಲ. ನಿನ್ನ ಗಂಜಿ, ನಿನ್ನ ಗುಳಿಗೆ, ನಿನ್ನ ಕಿಟಕಿಗೆ ಕಟ್ಟಿದ ಕಂಬಳಿ — ಅವು ನನ್ನ ಕೆಲಸ. ನೀನು ಎದ್ದು ನಡೆದರೆ ನಾನೂ ಮರವಡೆಗೆ ನಡೆಯಬೇಕಿತ್ತು.

ಚೀಟಿಯನ್ನು ಟ್ರಂಕಿನ ತಳದಲ್ಲಿಟ್ಟೆ. ಎರಡು ದಿನ ಬಿಟ್ಟು ನೀನು ಮತ್ತೆ ಕೇಳಿದೆ. “ಅಕ್ಕಾ, ಡಾಕ್ಟರ್ ನನ್ನ ಪಡಸಾಲ್ಯಾಗ ಅತ್ಲಾಗ ಇತ್ಲಾಗ ನಡಿಸಿದ್ರು. ದಿನಾ ನಡಿ ಅಂದ್ರು. ನನಗ ಚಲೋ ನೆನಪದ.”

“ನಿನ್ನ ತಲಿಗಿ ಪೆಟ್ಟು ಬಿದ್ದದ ಬೀರೂ. ನಿನಗೇನ್ ನೆನಪಿರ್ತದ? ಸುಮ್ನ ಮಲ್ಕೊ.”

ನೀನು ನನ್ನ ಮುಖ ನೋಡಿದೆ. “ಹೌದೇನು” ಎಂದು ಗೋಡೆಯ ಕಡೆ ತಿರುಗಿ ಮಲಗಿದೆ.

ಆ ಮಳೆಗಾಲದಲ್ಲಿ ಭರ್ತಿ ಬಂತು, ಹೋಯಿತು. ಕೊನೆಗೆ ನಿನ್ನನ್ನು ಎಬ್ಬಿಸಿದ್ದು ನಾನಲ್ಲ, ಅಪ್ಪ. “ಎಷ್ಟು ದಿನ ಬಿದ್ದಿರ್ತಿ, ಕುರಿ ಹಿಂದ ಬಾ, ಸಾಕಾದ್ರ ಕೂಡು” ಎಂದು ಕರೆದುಕೊಂಡು ಹೋದ. ಮೊದಲ ದಿನ ಬಾವಿಯ ತನಕ. ಆಮೇಲೆ ಹಳ್ಳದ ತನಕ. ತಿಂಗಳೊಳಗೆ ತಲೆನೋವು ಇಳಿಯಿತು. ಬೀರೋಬಾ ದೇವರ ಭಂಡಾರದ ಅರಿಶಿನ ಹಚ್ಚಿದ್ದಕ್ಕೆ ಗುಣವಾಯಿತೆಂದು ಅವ್ವ ಹರಕೆ ತೀರಿಸಿದಳು. ನಾನು ಹೋಳಿಗೆ ಮಾಡಿ ಬಡಿಸಿದೆ.

ಮೊದಲೇ ನಡೆಸಿದ್ದರೆ ಬೇಗ ಗುಣವಾಗುತ್ತಿತ್ತೇ, ಪೊಲೀಸ್ ಆಗುತ್ತಿದ್ದೆಯೇ — ನಾನು ಹೇಳಲಾರೆ. ತಾನೇ ಗುಣವಾಗುವ ಕಾಲ ಬಂದಿತ್ತೋ ಏನೋ. ಆದರೆ ಅದನ್ನು ನೋಡುವ ದಾರಿಯನ್ನು ಕಟ್ಟಿದವಳು ನಾನು. ಭರ್ತಿಗಿಂತ ನನ್ನನ್ನು ಹೆಚ್ಚು ಕೊರೆಯುವುದು ಬೇರೆ.

ಈಗ ನೀನು ಎಂಐಡಿಸಿ ಕೈಗಾರಿಕಾ ವಸಾಹತಿನ ಟವೆಲ್ ಕಾರಖಾನೆಯಲ್ಲಿ ಎಷ್ಟೋ ಮಗ್ಗಗಳನ್ನು ನೋಡಿಕೊಳ್ಳುತ್ತೀ. ಆದರೂ ಮನೆಗೆ ಕೀಲಿ ಹಾಕಿದೆಯೋ ಇಲ್ಲವೋ ಎಂದು ಹೆಂಡತಿಯನ್ನು ಕೇಳುತ್ತೀ. ಮೊನ್ನೆ ಫೋನ್ ಮಾಡಿ, “ಅಕ್ಕಾ, ಅಪ್ಪ ತೀರಿಕೊಂಡಿದ್ದು ಸೋಮವಾರ ಹೌದಲ್ಲ? ನನ್ನ ನೆನಪ ನಂಬಾಕ ಬರೂದಿಲ್ಲ ನೋಡು, ಮರದಿಂದ ಬಿದ್ದ ತಲಿ” ಎಂದು ನಕ್ಕೆ.

ಸೋಮವಾರವೇ, ಬೀರೂ. ನೀನು ಹೀಗೆ ನನ್ನನ್ನು ಕೇಳಿ ಖಾತ್ರಿ ಮಾಡಿಕೊಂಡ ಯಾವ ನೆನಪೂ ಈವರೆಗೆ ತಪ್ಪಾಗಿಲ್ಲ. ಆ ತಲೆ ಮರದಿಂದ ಬಿದ್ದು ಹಾಗಾದದ್ದಲ್ಲ. ಅವತ್ತು ‘ನಿನಗೇನ್ ನೆನಪಿರ್ತದ’ ಎಂದು ನಾನು —

ನಿನ್ನದು ಮರಾಠಿ ಸಾಲೆ, ಇದನ್ನು ಓದಲು ನಿನಗೆ ಬರುವುದಿಲ್ಲ. ಬೇರೆಯವರ ಕೈಯಿಂದ ಓದಿಸುವಂಥದ್ದೂ ಅಲ್ಲ. ಬರುವ ರವಿವಾರ ನಾನೇ ಬಂದು ಓದುತ್ತೇನೆ. ಅದಕ್ಕೂ ಮೊದಲು ಆ ಚೀಟಿಯನ್ನು ನಿನ್ನ ಕೈಗೆ ಕೊಡುತ್ತೇನೆ. ಮಡಿಚಿದಲ್ಲಿ ಸ್ವಲ್ಪ ಹರಿದಿದೆ, ಅಕ್ಷರ ಹೋಗಿಲ್ಲ. ಅದರಲ್ಲಿ ಏನಿದೆ ಎಂದು ನಾನು ಹೇಳುವುದಿಲ್ಲ. ನೀನೇ ಓದು.