ಮುಟ್ಟದ ಎಡೆ

ನಮ್ಮ ಯಜಮಾನರು ತೀರಿಕೊಂಡ ವರ್ಷದ ಪಿತೃಪಕ್ಷ. ಕಂಪಲಾಪುರಕ್ಕೆ ಹೋಗಿ ಬಂದ ಅತ್ತೆ ಚೀಲದಿಂದ ಬಾಳೆ ಎಲೆ, ಕೋಳಿ ಮಾಂಸ, ಬೀಡಿ ಕಟ್ಟು ತೆಗೆದಿಟ್ಟರು. ಕೊನೆಗೆ ಸೆರಗಿನ ಮರೆಯಿಂದ ಒಂದು ಬ್ರಾಂದಿ ಬಾಟಲಿ ತೆಗೆದರು. ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮ ಕಡೆ ಸತ್ತವರಿಗೆ ಇಷ್ಟವಾಗಿದ್ದನ್ನೆಲ್ಲ ಎಡೆ ಇಡುತ್ತಾರೆ. ಕುಡಿಯುತ್ತಿದ್ದವರಿಗೆ ಬ್ರಾಂದಿಯೂ ಆಗಬೇಕು. ನನಗೆ ಗೊತ್ತಿಲ್ಲದ್ದೇನಲ್ಲ, ಮಾವನ ಎಡೆಗೆ ಎಷ್ಟೋ ಸಲ ನಾನೇ ಬೀಡಿ ಹಚ್ಚಿಟ್ಟಿದ್ದೇನೆ. ಆದರೆ ಇವರು ಕುಡಿತ ಬಿಟ್ಟು ಸತ್ತವರು.

ಬಿಟ್ಟದ್ದೇನು ಸುಲಭಕ್ಕಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆ ಕಾಯುತ್ತಾ ಕಲಿತ ಚಟ ಅದು. ಹುಣಸೂರಿನ ಪ್ರಾರ್ಥನಾ ಮನೆಗೆ ಮೊದಲು ಹೋದವಳು ನಾನು. ಭಕ್ತಿಯೂ ಇಲ್ಲ ಗಿಕ್ತಿಯೂ ಇಲ್ಲ, ಅತ್ತು ಬರಲು ಒಂದು ಜಾಗ ಬೇಕಿತ್ತು ಅಷ್ಟೆ. ನನ್ನನ್ನು ಬೈದು ಎಳೆದೊಯ್ಯಲು ಬಂದ ಇವರು ಹಿಂದಿನ ಚಾಪೆಯ ಮೇಲೆ ಕೂತರು. ಬೈಯುವುದು ಮರೆತು ಬಿಕ್ಕಿ ಬಿಕ್ಕಿ ಅತ್ತರು.

"ಏನ್ಲಾ ಪಾದ್ರಿ, ನಿಮ್ ಯೇಸಪ್ಪ ಒಂದ್ ಗುಟುಕೂ ಬುಡಾಕಿಲ್ವಾ?" ಎಂದು ಊರಿನವರು ರೇಗಿಸುತ್ತಿದ್ದರು. ಇವರು ನಕ್ಕು ತಮ್ಮ ದಾರಿ ಹಿಡಿಯುತ್ತಿದ್ದರು. ಸಂಜೆಯಾದರೆ ಮಾತ್ರ ಆ ನಗು ಇರುತ್ತಿರಲಿಲ್ಲ. ಒಲೆಯ ಪಕ್ಕ ಮೊಣಕಾಲೂರಿ, "ಕೈ ಇಡ್ಕೊ ಕಣಮ್ಮಿ, ಬುಟ್ರೆ ಎದ್ದೋಯ್ತೀನಿ" ಎನ್ನುತ್ತಿದ್ದರು. ಸಾರು ಸೀದು ಹೋದರೂ ನಾನು ಕೈ ಬಿಡದೆ ಪ್ರಾರ್ಥನೆ ಮಾಡುತ್ತಿದ್ದೆ. ಹೀಗೇ ತಿಂಗಳುಗಟ್ಟಲೆ ನಡೆದ ಮೇಲೆ ಒಂದು ಸಂಜೆ ಅವರೇ ಮೆಲ್ಲಗೆ ಕೈ ಬಿಡಿಸಿಕೊಂಡರು.

"ಸಾಕು ಬುಡಮ್ಮಿ, ಈಗ ಆಸೇನೇ ಆಯ್ತಿಲ್ಲ. ಸ್ವಾಮಿ ನನ್ನ ಬುಡಿಸ್ಬುಟ್ಟ ಕಣಮ್ಮಿ."

ಅಂಥ ಮುಖ ನಾನು ಮದುವೆಯ ದಿನವೂ ನೋಡಿರಲಿಲ್ಲ.

ಅಷ್ಟರೊಳಗೆ ಲಿವರ್ ಕೆಟ್ಟುಹೋಗಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಬಿಡಿಸಿದವನು ಬದುಕಲು ಇನ್ನಷ್ಟು ದಿನ ಕೊಡಬಾರದಿತ್ತೇ ಎಂದು ದೇವರನ್ನು ಕೇಳಿದ್ದೇನೆ, ಬೈದೂ ಇದ್ದೇನೆ. ಉತ್ತರ ಬಂದಿಲ್ಲ.

"ಅತ್ತೆಮ್ಮ, ಅದನ್ನ ಇಡ್ಬ್ಯಾಡಿ. ಅವ್ರು ಬುಟ್ಟಿದ್ರು" ಎಂದೆ.

"ನಂಗೊತ್ತಿಲ್ವಾ? ಈ ಕುಡ್ತಕ್ಕೇ ಅಲ್ವಾ ಅವನ್ನ ಪೊರಕೇಲಿ ವಡ್ದಿದ್ದು ನಾನು? ಒಂದ್ಸಲನಾದ್ರೂ ಪ್ರೀತಿಯಿಂದ ಕೊಡ್ತೀನಿ ಬುಡವ್ವ."

ನಾನೇ ಬಾಳೆ ಎಲೆ ತೊಳೆದು ಹಾಸಿದೆ.

ಮಾವನಿಗೊಂದು ಎಲೆ, ಇವರಿಗೊಂದು ಎಲೆ. ಮುದ್ದೆ, ಸಾರು, ಬೀಡಿ, ಇವರ ಎಲೆಯ ಪಕ್ಕ ಬ್ರಾಂದಿ. ಸತ್ತವರು ಬಂದು ಉಣ್ಣಲೆಂದು ಧೂಪ ಹಾಕಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಬಂದು ನಿಂತೆವು. ಅತ್ತೆ ಜಗಲಿಯ ಮೇಲೆ ಕೈಮುಗಿದು ಮಗನನ್ನು ಕರೆಯುತ್ತಿದ್ದರು. ನಾನು ಗೋಡೆಗೆ ಮುಖ ಮಾಡಿ, "ಸ್ವಾಮಿ, ಅವರನ್ನು ಕಳಿಸಬೇಡ, ನಿನ್ನ ಹತ್ತಿರವೇ ಇಟ್ಟುಕೋ" ಎಂದು ಬೇಡಿಕೊಂಡೆ.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಬಾಗಿಲು ತಟ್ಟಿ ಒಳಗೆ ಹೋದರು. ಬಂದವರು ಮುದ್ದೆಯ ಮೇಲೆ ಬೆರಳಿನ ಗುರುತು ಬಿಟ್ಟು ಹೋಗುತ್ತಾರೆ ಎಂಬುದು ನಮ್ಮಲ್ಲಿನ ನಂಬಿಕೆ. ಮಾವನ ಮುದ್ದೆಯ ಮೇಲೆ ಎಂದಿನಂತೆ ಒಂದು ಸಣ್ಣ ಕುಳಿ ಬಿದ್ದಿತ್ತು. ಇವರ ಮುದ್ದೆ ಕಟ್ಟಿಟ್ಟ ಹಾಗೇ ನುಣ್ಣಗಿತ್ತು. ಅತ್ತೆ ಎಲೆಯನ್ನು ಬೆಳಕಿಗೆ ಎಳೆದುಕೊಂಡು, ಬಗ್ಗಿ ಬಗ್ಗಿ ನೋಡಿದರು.

"ಬಂದೇ ಇಲ್ಲ ಕಣವ್ವ. ನನ್ ಮಗ ಬಂದೇ ಇಲ್ಲ" ಎಂದು ಅಲ್ಲೇ ಕುಸಿದು ಕೂತರು.

ಇವರು ಎಲ್ಲಿದ್ದಾರೆಂದು ನನಗೆ ಗೊತ್ತು. ನಂಬಿದ್ದೇನೆ. ಅದನ್ನು ಆ ತಾಯಿಗೆ ಹೇಳಲು ಬಾಯಿ ಬರಲಿಲ್ಲ. ಬರದಿರಲಿ ಎಂದು ಆಗತಾನೇ ಬೇಡಿಕೊಂಡು ಬಂದವಳು ನಾನು. ಆದರೂ ಅತ್ತೆಯ ಪಕ್ಕ ಕೂತು, ಆ ಮುದ್ದೆಯನ್ನು ಸುತ್ತಲೂ ತಿರುಗಿಸಿ ನೋಡಿದೆ, ಎಲ್ಲಾದರೂ ಒಂದು ಬೆರಳಿನ ಗುರುತು ಇದೆಯೇನೋ ಎಂದು.